ಹತ್ತಿ ಮಳಿಗೆಯಲ್ಲಿ ಹಿಡಿದ ತಗ್ಗು ದನಿ

ಆಗ ನನಗೆ ಹದಿನೆಂಟು. ಅದಾಗಿ ಅರವತ್ತು ವರ್ಷದ ಮೇಲಾಯ್ತು ಅಂತ ಮೊಮ್ಮಗಳು ಲೆಕ್ಕ ಹಾಕಿ ಹೇಳಿದಳು. ನನಗೆ ಗೊತ್ತಿರೋದು ಇಷ್ಟೇ, ಆ ವರ್ಷ ದೊಡ್ಡ ಯುದ್ಧ ಶುರುವಾಗಿತ್ತು, ಸೀಮೆಎಣ್ಣೆ ಇನ್ನೂ ಸಿಕ್ಕುತ್ತಿತ್ತು.

ಮೊನ್ನೆ ಅದೇ ಮೊಮ್ಮಗಳ ಮದುವೆಗೆ ಹಾಸಿಗೆ ಹೊಲಿಸೋಕೆ ಮದ್ದೂರಿಗೆ ಹೋಗಿದ್ದೆ. ಪೇಟೆ ಬೀದಿಯ ಅಂಗಡಿಯೊಳಗೆ ಕಾಲಿಟ್ಟೆ, ಹತ್ತಿ ವಾಸನೆ ಮೂಗಿಗೆ ಬಡಿಯಿತು. ಹತ್ತಿಗೆ ವಾಸನೆ ಇಲ್ಲ ಅನ್ನೋರು ಹತ್ತಿ ತುಂಬಿದ ಕೋಣೆಯಲ್ಲಿ ಕೂತವರಲ್ಲ. ಬೀಜದ ಜಿಡ್ಡು, ಧೂಳು, ಬಿಸಿಲು ತಿಂದ ಗೋಣಿ, ಎಲ್ಲ ಸೇರಿದ ವಾಸನೆ ಅದು. ಅಂಗಡಿಯವನು ಎಷ್ಟು ಅಗಲ ಬೇಕು ಅಂದ. ಹೇಳಿದೆ. ಹೇಳಿದ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ, ಹತ್ತಿ ನುಂಗಿಬಿಡ್ತು. ಆಗ ಆ ವರ್ಷದ ಸುಗ್ಗಿ ನೆನಪಾಯ್ತು.

ನನ್ನ ತವರು ದುದ್ದ. ಕೊಟ್ಟಿದ್ದು ಮದ್ದೂರಿಗೂ ಮಳವಳ್ಳಿಗೂ ನಡುವಿನ ಒಂದು ಹಳ್ಳಿಗೆ. ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು, ಮಕ್ಕಳಿರಲಿಲ್ಲ. ಹುಟ್ಟಿದಾಗಿನಿಂದ ನನ್ನದು ದಪ್ಪ ದನಿ. ಬಾಗಿಲ ಹಿಂದೆ ನಿಂತು ಮಾತಾಡಿದರೆ ಬಂದವರು ನನ್ನ ಗಂಡ ಅಂದುಕೊಂಡು ಎತ್ತಿನ ವ್ಯಾಪಾರ ಶುರು ಮಾಡುತ್ತಿದ್ದರು. ಗಂಡು ದನಿಯವಳಿಗೆ ಬಸಿರು ನಿಲ್ಲಲ್ಲ ಅಂತ ಊರಲ್ಲಿ ಮಾತು. ಆಮೇಲೆ ನಾನು ಐದು ಹೆತ್ತೆ. ದನಿ ಇದ್ದ ಹಾಗೇ ಇತ್ತು. ಊರಿನವರು ಆ ಮಾತು ಆಡಿದ್ದನ್ನೇ ಮರೆತರು.

ನನ್ನ ಅತ್ತೆ ಚೆನ್ನಮ್ಮ ಸುತ್ತಮುತ್ತಲ ಹಳ್ಳಿಗೆಲ್ಲ ಸೋಬಾನೆ ಹೇಳುವವಳು. ಹಸೆಗೆ ಕೂರಿಸೋವಾಗ, ಹೆಣ್ಣು ಮನೆ ತುಂಬಿಸಿಕೊಳ್ಳೋವಾಗ ಅವಳೇ ಬೇಕು. ದನಿ ಕಂಚಿನ ತಟ್ಟೆಗೆ ಹೊಡೆದ ಹಾಗೆ. ಆದರೆ ಅವಳ ಪದಗಳಿಗೆಲ್ಲ ಒಂದು ಬಾಲ. ಸಾಲು ಮೇಲೆ ಹೋಗಿ, ತಿರುಗಿ, ಕೊನೆಗೆ ಬಾವಿಗೆ ಕೊಡ ಬಿಟ್ಟ ಹಾಗೆ ತಳಕ್ಕೆ ಇಳಿಯಬೇಕು. ವಯಸ್ಸಾದ ಮೇಲೆ ಅವಳಿಗೆ ಆ ತಳ ಸಿಗುತ್ತಿರಲಿಲ್ಲ. ಮನೆಯಲ್ಲಿ ರಾಗಿ ಬೀಸೋವಾಗ ಕಲ್ಲಿನ ಆ ಕಡೆ ಅವಳು, ಈ ಕಡೆ ನಾನು. ಅವಳು ಸಾಲು ಎತ್ತಿದರೆ ಬಾಲ ನಾನು ಹಿಡಿಯುತ್ತಿದ್ದೆ. ಹೊಸ್ತಿಲು ದಾಟಿದ ಮೇಲೆ ಮಾತ್ರ ನಾನು ಬಾಯಿ ತೆಗೆಯುವಂತಿಲ್ಲ.

"ಮದ್ವೆ ಮನೇಲಿ ಗಂಡು ದನಿ ಎದ್ರೆ ಎಣ್ಣಿಗೆ ಒಳ್ಳೇದಲ್ಲ ಕಣಮ್ಮಿ. ನೀ ಓಗಿ ಎಲೆ ತೊಳಿ" ಅನ್ನುತ್ತಿದ್ದಳು.

ಹೊರಗೆ ಬಾಲ ಹಿಡಿಯೋಕೆ ಪಕ್ಕದ ಮನೆ ಸಣ್ಣತಾಯಿ. ಅವಳದೋ ಕೀರಲು ದನಿ. ತಳ ಬಂದಾಗ ಬರೀ ಬಾಯಿ ಆಡಿಸುತ್ತಿದ್ದಳು. ಮದುವೆ ಮನೆ ಗಲಾಟೆಯಲ್ಲಿ ಯಾರಿಗೆ ಗೊತ್ತಾಗಬೇಕು.

ಆ ವರ್ಷ ಬತ್ತ ಬಡಿದು ಕಣ ಮುಗಿಯೋ ಹೊತ್ತಿಗೆ ಅತ್ತೆ ಒಂದು ತೀರ್ಮಾನ ಮಾಡಿದ್ದಳು. ಚಿಕ್ಕರಸಿನಕೆರೆಯಲ್ಲಿ ಅವಳ ಅಣ್ಣನ ಮಗಳು ಪುಟ್ಟಿ ಇದ್ದಳು. ಯುಗಾದಿ ಕಳೆದ ಮೇಲೆ ಅವಳನ್ನು ನನ್ನ ಗಂಡನಿಗೆ ತರೋದು, ನನ್ನನ್ನು ದುದ್ದಕ್ಕೆ ಬಿಟ್ಟು ಬರೋದು. ಇದನ್ನೆಲ್ಲ ನನ್ನ ಎದುರಿಗೇ ಮಾತಾಡಿದರು. ದನ ಮಾರೋವಾಗ ದನದ ಎದುರಿಗೆ ಮಾತಾಡಲ್ಲವೇ, ಹಾಗೆ. ನನ್ನ ಗಂಡ ಬೋರೇಗೌಡ ಕೆಟ್ಟವನಲ್ಲ. ಅವರವ್ವ ಏನು ಹೇಳಿದರೂ "ಊಂ" ಅನ್ನುತ್ತಿದ್ದ, ಅಷ್ಟೇ. ತವರಲ್ಲಿ ಅಪ್ಪ ಇರಲಿಲ್ಲ, ಅಣ್ಣಂದಿರ ಹೆಂಡಿರಿದ್ದರು. ಅಲ್ಲಿಗೆ ಹೋದರೆ ಸಾಯೋತನಕ ಅವರ ಕೊಟ್ಟಿಗೆ ಬಾಚಿಕೊಂಡಿರಬೇಕು. ನನಗೆ ಈ ಮನೆ ಬೇಕಿತ್ತು. ಅತ್ತೆ ಮೇಲೆ ಪ್ರೀತಿ ಅಂತಲ್ಲ. ನನ್ನದು ಅಂತ ಒಂದು ಒಲೆ ಬೇಕಿತ್ತು.

ಅದೇ ಹೊತ್ತಿಗೆ ಮದ್ದೂರಿನ ಶೆಟ್ಟರು ಆಳು ಕಳಿಸಿದರು. ಗ್ರಾಮಫೋನು, ಪ್ಲೇಟು ಮಾರುವ ಶೆಟ್ಟರು. ಮದುವೆ ಮನೆಯಲ್ಲಿ ಪ್ಲೇಟು ಹಾಕಿಸೋದು ಆಗ ಹೊಸ ಜಂಬ. ಮದ್ರಾಸಿನಿಂದ ದನಿ ಹಿಡಿಯೋ ಮಿಷನ್ನು ಬರುತ್ತೆ, ಚೆನ್ನಮ್ಮನ ಸೋಬಾನೆ ಹಿಡಿಸಿದರೆ ಈ ಸೀಮೆಯಲ್ಲೆಲ್ಲ ಮಾರಬಹುದು ಅಂತ ಅವರ ಆಸೆ. ಅತ್ತೆ ಆ ದಿನ ಮುದ್ದೆ ಮುಟ್ಟಲಿಲ್ಲ, ಖುಷಿಗೆ.

"ಇನ್ಮ್ಯಾಕೆ ನಾ ಕಾಲೆತ್ತಿ ಓಗಾದೇ ಬ್ಯಾಡ ಕಣೆ, ನನ್ ದನಿನೇ ಮದ್ವೆಗೋಯ್ತದೆ" ಅಂದಳು.

"ದನಿಗೆ ಎಲೆ ಆಕ್ತಾರೇನಕ್ಕೋ? ಪಾಯ್ಸ ತಪ್ಪೋಯ್ತದೆ ನೋಡ್ಕೋ" ಅಂದಳು ಸಣ್ಣತಾಯಿ.

ಗಾಡಿ ಕಟ್ಟಿಕೊಂಡು ಹೋದೆವು. ಅತ್ತೆ, ಸಣ್ಣತಾಯಿ, ಗಾಡಿ ಹೊಡೆಯೋಕೆ ನನ್ನ ಗಂಡ. ಬುತ್ತಿ ಗಂಟು ಹೊರೋಕೆ ನಾನು. ದಾರಿ ತುಂಬ ಕಬ್ಬಿನ ಗಾಡಿ, ಎತ್ತುಗಳ ಬಾಯಲ್ಲಿ ಬಿಳಿ ನೊರೆ.

ಮಿಷನ್ನು ಇಟ್ಟಿದ್ದದ್ದು ಶೆಟ್ಟರ ಅಂಗಡಿಯಲ್ಲಲ್ಲ, ಅದರ ಹಿಂದಿನ ಹತ್ತಿ ಮಳಿಗೆಯಲ್ಲಿ. ಹಾಸಿಗೆ ಹೊಲಿಯೋ ಸಾಬರ ಮನೆ ಅದು. ಸಾಬರು ತೀರಿಕೊಂಡಿದ್ದರು, ಅವರ ಹೆಂಡತಿ ಸಕೀನಾಬೀನೇ ವ್ಯಾಪಾರ ನೋಡುತ್ತಿದ್ದಳು. ನಾವೆಲ್ಲ ಬೂಬಮ್ಮ ಅಂತಿದ್ದೆವು. ಸುತ್ತ ಹತ್ತಿ ಮೂಟೆ ಒಟ್ಟಿದ್ದರಿಂದ ಬೀದಿ ಸದ್ದು ಒಳಗೆ ಬರಲ್ಲ, ದನಿ ಗೋಡೆಗೆ ಬಡಿದು ಗೊಳ್ ಅನ್ನಲ್ಲ ಅಂತ ಮದ್ರಾಸಿನವನು ಅದನ್ನೇ ಆರಿಸಿದ್ದ. ಕಪ್ಪಗೆ ತೆಳ್ಳಗಿದ್ದ ಮನುಷ್ಯ, ಮುರುಕು ಕನ್ನಡ. ಒಂದು ಕಬ್ಬಿಣದ ಗೂಟಕ್ಕೆ ದುಂಡನೆ ಡಬ್ಬಿ ಕಟ್ಟಿದ್ದ. ಅದು ಕಿವಿಯಂತೆ. ಅದರಿಂದ ಒಂದು ತಂತಿ ಪಕ್ಕದ ಕೋಣೆಗೆ ಹೋಗಿತ್ತು. ಅಲ್ಲಿ ಮೇಣದ ತಟ್ಟೆ ತಿರುಗುತ್ತೆ, ಸೂಜಿ ಅದರ ಮೇಲೆ ದನಿಯನ್ನ ಗೀಚುತ್ತೆ. ಆ ಮೇಣವನ್ನ ಕಲ್ಕತ್ತೆಗೆ ಕಳಿಸಿದರೆ ಕರೀ ಪ್ಲೇಟಾಗಿ ಬರುತ್ತೆ. ಒಂದು ತಮಾಷೆ ಏನಂದರೆ, ಮೇಣದಲ್ಲಿ ಹಿಡಿದದ್ದನ್ನ ಅಲ್ಲೇ ಕೇಳಬೇಕು ಅಂದರೆ ಕೇಳಬಹುದು, ಆದರೆ ಒಂದು ಸಲ ಕೇಳಿದರೆ ಆ ಮೇಣ ಕೆಟ್ಟಿತು. ಕಲ್ಕತ್ತೆಗೆ ಕಳಿಸೋದನ್ನ ಕೇಳಂಗಿಲ್ಲ.

ರಾತ್ರಿಯೆಲ್ಲ ಹೇಳೋ ಪದವನ್ನ ಮೂರು ನಿಮಿಷಕ್ಕೆ ಕುಯ್ದರು. ಹೆಣ್ಣನ್ನ ಮನೆ ತುಂಬಿಸಿಕೊಳ್ಳೋ ಪದ. ಬಲಗಾಲು ಮುಂದಿಟ್ಟು ಒಳಗೆ ಬಾರೆ ಮಗಳೆ ಅಂತ ಕರೆಯೋದು, ಆ "ಒಳಗೆ ಬಾರೆ" ಅನ್ನೋದೇ ತಳ. ಅತ್ತೆ ಎತ್ತಿದಳು, ಸಣ್ಣತಾಯಿ ಬಾಲಕ್ಕೆ ಬಾಯಿ ಆಡಿಸಿದಳು. ಮದ್ರಾಸಿನವನು ಪಕ್ಕದ ಕೋಣೆಯಿಂದ ಬಂದ.

"ಏನಮ್ಮಾ, ಸಾಲು ಬರ್ತದೆ, ಕಡೇಲಿ ಯಾರೂ ಇಲ್ಲ. ಎಲ್ಲಿ ಹೋಗ್ತೀರಿ?"

"ಇಲ್ಲೇ ಇದೀನಲ್ಲ ಸ್ವಾಮಿ" ಅಂದಳು ಸಣ್ಣತಾಯಿ.

"ನೀವಿದ್ದೀರಿ, ದನಿ ಇಲ್ಲ."

ಇನ್ನೊಂದು ಸಲ ನೋಡಿದ, ಮತ್ತೊಂದು ಸಲ ನೋಡಿದ. ಕಡೆ ಇಳಿಯದೆ ಇದ್ದರೆ ಪ್ಲೇಟು ಮಾಡಕ್ಕಾಗಲ್ಲ, ನಾಳೆ ಸಂಜೆ ರೈಲಿಗೆ ನಾನು ಮೈಸೂರಿಗೆ ಹೋಗಬೇಕು, ಬೇರೆ ಯಾರಾದರೂ ಇದ್ದಾರಾ ನೋಡಿ ಅಂತ ಶೆಟ್ಟರಿಗೆ ಹೇಳಿದ. ಅತ್ತೆಯ ಮುಖ ನೋಡಬೇಕಿತ್ತು. ಬಾಗಿಲ ಹತ್ತಿರ ಕೂತಿದ್ದ ನನ್ನ ಕಡೆ ತಿರುಗಿದಳು.

"ಲೇ ಕೆಂಪಿ, ಆ ಗಂಟು ಮಡಗು. ಬಾ ಇಲ್ಲಿ."

ಹೋಗಿ ಅವಳ ಬೆನ್ನ ಹಿಂದೆ ಕೂತೆ. ನಮ್ಮಲ್ಲಿ ಸೊಸೆ ಕೂರೋದು ಅಲ್ಲೇ. ಪದ ಶುರುವಾಯ್ತು. ನಮ್ಮ ಮನೆಯಲ್ಲಿ ಮಣ್ಣಿನ ಗೋಡೆ, ಬೀಸೋ ಕಲ್ಲಿನ ಗುಂಯ್ ಅನ್ನೋ ಸದ್ದು. ತಗ್ಗಲ್ಲಿ ಹೇಳಿದರೂ ದನಿ ತಿರುಗಿ ಕಿವಿಗೆ ಬರುತ್ತಿತ್ತು. ಇಲ್ಲಿ ಬಾಯಿಂದ ಬಿಟ್ಟಿದ್ದು ಬಿಟ್ಟ ಹಾಗೇ ಸತ್ತು ಹೋಗುತ್ತಿತ್ತು. ಕೇಳಿಸಲಿಲ್ಲ ಅಂತ ನಾನು ನೂಕಿದೆ. ಇನ್ನೂ ನೂಕಿದೆ. ಕತ್ತಿನ ನರ ಉಬ್ಬಿತು, ಗಂಟಲು ತರಚಿತು. ಮುಗಿದ ಮೇಲೆ ಅವನು ಆ ಮೇಣವನ್ನ ಕೆಡಿಸಿ ನಮಗೆ ಕೇಳಿಸಿದ. ಅತ್ತೆಯ ದನಿ ಚೊಕ್ಕವಾಗಿತ್ತು. ನನ್ನ ಜಾಗ ಬಂದಾಗ ಕರ್ ಕರ್ ಅಂತ ಸೂಜಿ ಸದ್ದು, ಅದರೊಳಗೆ ಯಾರೋ ತಿಣುಕಿದ ಹಾಗೆ.

ಅತ್ತೆ ನಕ್ಕಳು. "ನೋಡು, ಮಿಸನ್ನೂ ನಿನ್ನ ಬ್ಯಾಡ ಅಂತು."

ಮದ್ರಾಸಿನವನು ನಗಲಿಲ್ಲ. "ಈಕೆ ಹತ್ತಿರ ದನಿ ಇದೆ. ಹೊಡೆದು ಸಾಯಿಸ್ತಾಳೆ" ಅಂದ. ಆಮೇಲೆ ನನಗೇ ಹೇಳಿದ, "ತಗ್ಗು ದನಿ ದೂರ ನಡೆಯಲ್ಲಮ್ಮ. ಜೋರು ಮಾಡಿದರೆ ಅದು ತಗ್ಗಲ್ಲಿ ನಿಲ್ಲೋದೂ ಇಲ್ಲ, ಮೇಲಕ್ಕೆ ಓಡ್ತದೆ. ಮಗೂಗೆ ಕಿವೀಲಿ ಹೇಳ್ತೀಯಲ್ಲ, ಅಷ್ಟು ಸಾಕು. ಅದಕ್ಕೆ ನೀನು ಡಬ್ಬಿ ಹತ್ತಿರ ಬರಬೇಕು. ಇವರದು ಜೋರು ದನಿ, ಇವರು ಹಿಂದಕ್ಕೆ ಹೋಗಬೇಕು."

ನನ್ನನ್ನ ಡಬ್ಬಿಯಿಂದ ಗೇಣು ದೂರದಲ್ಲಿ ಕೂರಿಸಿದ. ಅತ್ತೆಗೆ ಬಾಗಿಲ ಪಕ್ಕ ಜಾಗ ತೋರಿಸಿದ. ಅಂದರೆ ನಾನು ಮುಂದೆ, ಅತ್ತೆ ಹಿಂದೆ, ನನ್ನ ಬೆನ್ನು ಅವಳ ಮುಖಕ್ಕೆ.

ಅತ್ತೆ ಎದ್ದು ನಿಂತಳು. "ನನ್ ಸೊಸೆ ನಂಗೆ ಬೆನ್ ತೋರ್ಸ್ಕಂಡು ಕುಂತ್ಕಂಡು ಪದ ಯೋಳಾದಾ? ನಾ ಅವ್ಳ ಇಂದ್ಗಡೆ ನಿಂತ್ಕಂಡು ಒದರಾದಾ? ಬುಡಿ ಸ್ವಾಮಿ, ನಿಮ್ ಪ್ಲೇಟೂ ಬ್ಯಾಡ, ನೀವೂ ಬ್ಯಾಡ."

"ಮಿಷನ್ನಿಗೆ ಅತ್ತೆ ಸೊಸೆ ಗೊತ್ತಾಗಲ್ಲಮ್ಮ."

"ನಂಗ್ ಗೊತ್ತಾಯ್ತದಲ್ಲ!"

ಶೆಟ್ಟರು ಕೈ ಮುಗಿದರು. ಸಣ್ಣತಾಯಿ ಸೆರಗು ಬಾಯಿಗಿಟ್ಟುಕೊಂಡು ಮೂಟೆ ಹಿಂದೆ ಹೋದಳು. ನನ್ನ ಗಂಡ ಎತ್ತಿಗೆ ನೀರು ತೋರಿಸ್ತೀನಿ ಅಂತ ಹೋದವನು ಬರಲೇ ಇಲ್ಲ. ಆ ದಿನ ಹಾಗೇ ಹಾಳಾಯ್ತು. ಮೂಟೆಗೆ ಒರಗಿಕೊಂಡು ನಾನು ಯೋಚನೆ ಮಾಡಿದೆ. ಇವಳು ಮನಸ್ಸು ಕೆಡಿಸಿಕೊಂಡು ವಾಪಸ್ಸು ಹೋದರೆ ಪ್ಲೇಟು ತಪ್ಪಿದ್ದು ನನ್ನಿಂದಲೇ ಅಂತಾಳೆ. ಯುಗಾದಿಯವರೆಗೂ ಕಾಯಲ್ಲ, ಅದೇ ಗಾಡಿಯಲ್ಲಿ ನನ್ನನ್ನ ದುದ್ದಕ್ಕೆ ಹೊಡೆಸ್ತಾಳೆ.

ಹೊತ್ತಾಗಿತ್ತು ಅಂತ ಆ ರಾತ್ರಿ ಮಳಿಗೆಯಲ್ಲೇ ಉಳಿದುಕೊಂಡೆವು. ದೀಪ ಹಚ್ಚೋ ಹೊತ್ತಿಗೆ ಬೂಬಮ್ಮ ನನ್ನ ಪಕ್ಕ ಬಂದು ಕೂತಳು.

"ಗಂಟಲು ಕಿತ್ತುಕೊಂಡಿದ್ದೀ" ಅಂದಳು. "ನಮ್ಮ ಯಜಮಾನ್ರು ಮಸೀದೀಲಿ ಬಾಂಗ್ ಕೂಗೋರಮ್ಮ. ಮುಂಜಾನೆ ಎದ್ದರೆ ಬಾಂಗ್ ಆಗೋಗಂಟ ನನ್ನ ಹತ್ರ ಒಂದು ಮಾತಿಲ್ಲ. ಎದ್ದ ತಕ್ಷಣ ದನಿ ಕೆಳಗೆ ಮಲಗಿರ್ತದೆ, ಮಾತಾಡ್ತಾ ಆಡ್ತಾ ಮೇಲೆ ಬರ್ತದೆ ಅಂತಿದ್ರು. ನಿಂಗೆ ಕೆಳಗೇ ಬೇಕಲ್ಲ. ಬೆಳಗ್ಗೆ ಬಾಯಿ ತೆಗೀಬೇಡ. ಎಲೆ ಅಡಿಕೆನೂ ಬೇಡ. ಬಿಸಿನೀರು ಕುಡಿ."

"ಅತ್ತೆ ಬಯ್ದ್ರೆ?"

"ಬಯ್ಯೋದಕ್ಕೆ ಅವರ ಬಾಯಿ ಸಾಕು, ನಿಂದು ಬೇಡ."

ಬೆಳಿಗ್ಗೆ ಬಿಸಿನೀರು ತಂದುಕೊಟ್ಟಳು. ಅತ್ತೆ ಆ ಮನೆ ನೀರು ಮುಟ್ಟಲಿಲ್ಲ, ನಾನು ಕುಡಿದೆ. ಅತ್ತೆ ಏನೋ ಕೇಳಿದಳು, ತಲೆ ಆಡಿಸಿದೆ. "ಮೂಗಿ ಆಗ್ಬುಟ್ಟಳು ಈಗ" ಅಂದಳು. ಬೂಬಮ್ಮ ನಾನು ಕೂರೋ ಜಾಗದ ಎದುರು ಗೋಡೆಗೆ ಒಟ್ಟಿದ್ದ ಮೂಟೆಗಳನ್ನ ಉರುಳಿಸಿ, ನನ್ನ ದನಿ ನನಗೆ ತಿರುಗಿ ಬರಲಿ ಅಂತ ಗೋಡೆ ಬರಿದು ಮಾಡಿದಳು. ಮದ್ರಾಸಿನವನು ಬಂದು ಚಪ್ಪಾಳೆ ತಟ್ಟಿ ನೋಡಿ ಪರವಾಗಿಲ್ಲ ಅಂದ.

ಅತ್ತೆಯದೊಂದು ಬಾಕಿ. ಬಾಗಿಲಲ್ಲಿ ಕೂತು ಡಬ್ಬಿಯನ್ನೇ ನೋಡುತ್ತಿದ್ದಳು. ಬಿಟ್ಟು ಹೋಗೋಕೂ ಮನಸ್ಸಿಲ್ಲ. ಆಮೇಲೆ ತಾನೇ ಎದ್ದು ಬಂದು ಆ ಗೂಟವನ್ನ ಸುತ್ತು ಹಾಕಿದಳು.

"ಸ್ವಾಮಿ, ಇದ್ಕೆ ಎರಡೂ ಕಡೆಯಿಂದ ಕೇಳ್ಸ್ತದಾ?"

"ಕೇಳಿಸ್ತದೆ."

"ಅಂಗಾದ್ರೆ ಇದು ಬೀಸೋ ಕಲ್ಲು ಅಂದ್ಕಳವಾ. ಕಲ್ಗೆ ಅತ್ತೆ ಸೊಸೆ ಎದುರುಬದುರಾಗೇ ಕೂರಾದು. ಅದ್ಯಾರೂ ತಪ್ಪು ಅನ್ನಲ್ಲ. ನಾ ಆ ಕಡೆ ಕೂರ್ತೀನಿ. ದೂರ ಬೇಕಾ? ದೂರನೇ ಕೂರ್ತೀನಿ. ದೊಡ್ ಕಲ್ಲು ಅಂದ್ಕತೀನಿ."

ಹಾಗೇ ಕೂತೆವು. ಡಬ್ಬಿಯ ಈ ಕಡೆ ನಾನು, ಗೇಣು ದೂರ. ಆ ಕಡೆ ಅತ್ತೆ, ಮೂರು ನಾಲ್ಕು ಮಾರು ದೂರ. ಮದ್ರಾಸಿನವನು ಅತ್ತೆಗೆ ಇನ್ನೂ ಒಂದು ಹೇಳಿದ, ನೀವು ಎತ್ತೋವಾಗಲೇ ಒಂಚೂರು ಮೇಲಿಂದ ಎತ್ತಿ, ಆಗ ಈಕೆ ಬಾವಿ ತಳದ ಕೆಸರು ಮುಟ್ಟದೆ ನೀರು ಮುಟ್ಟುತ್ತಾಳೆ. ನನಗೆ ಹೇಳಿದ, ಗದ್ದ ಎದೆಗೆ ಒತ್ತಬೇಡ, ದವಡೆ ಸಡಿಲ ಬಿಡು, ಅಕ್ಷರ ಮಾತ್ರ ಕಚ್ಚಿ ಹೇಳು. ತಗ್ಗಲ್ಲಿ ಎಳೆಯೋ ದನಿ ಮಸುಕಾಗುತ್ತೆ, ಅಕ್ಷರ ಚೆನ್ನಾಗಿದ್ದರೆ ಕೇಳೋನಿಗೆ ಪದ ಸಿಗುತ್ತೆ.

ಮೊದಲ ಮೇಣಕ್ಕೆ ಅತ್ತೆ ಕೆಮ್ಮಿದಳು. ಅದು ಹೋಯ್ತು. ಎರಡನೆಯದಕ್ಕೆ ನನ್ನ ಬಾಲ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಅಂದರೆ ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಾ ಮುಂದಿನ ಸಾಲು ಮರೆತಳು. ಅದೂ ಹೋಯ್ತು. ಸಣ್ಣತಾಯಿ ಹೊರಗಿನಿಂದ "ಮೇಣ ಮುಗ್ದೋದ್ರೆ ಬೂಬಮ್ಮನ ಮೇಣದ ಬತ್ತಿ ಕೇಳವೇನಕ್ಕೋ?" ಅಂದಳು. ಮೂರನೆಯದು ಸರಿಯಾಗಿ ಕೂತಿತು.

ಆ ಸಲ ನಾನು ನೂಕಲಿಲ್ಲ. ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, ಮಾತಾಡಿದಷ್ಟೇ ಉಸಿರು ಬಿಟ್ಟೆ. ಎದೆ ಮೂಳೆ ಒಳಗೆ ಗುಂಯ್ ಅಂತಿತ್ತು. ಎದುರು ಗೋಡೆಯಿಂದ ಒಂಚೂರು ತಿರುಗಿ ಬಂತು. ಒಳಗೆ ಬಾರೆ ಮಗಳೆ ಅಂತ ಕರೆಯೋವಾಗ ಅದು ಯಾವ ಮಗಳು ಅಂತ ನನಗೆ ಗೊತ್ತಿತ್ತು. ಚಿಕ್ಕರಸಿನಕೆರೆಯವಳು. ಅತ್ತೆಗೂ ಗೊತ್ತಿತ್ತು. ಇಬ್ಬರೂ ಪದ ಮುಗಿಸಿದೆವು.

ಹೇಗೆ ಬಂತು ಅಂತ ಕೇಳೋ ಹಾಗಿರಲಿಲ್ಲ. ಮೇಣ ಪೆಟ್ಟಿಗೆಗೆ ಹೋಯ್ತು, ಪೆಟ್ಟಿಗೆ ರೈಲಿಗೆ. ನಾವು ಊರಿಗೆ ಬಂದೆವು.

ಆಮೇಲೆ ಬಿಸಿಲು ಏರಿತು. ಹೊಂಗೆ ಚಿಗುರಿತು. ಪುಟ್ಟಿಯನ್ನ ತರೋ ಕೆಲಸ ನಡೆದೇ ಇತ್ತು. ಸುಣ್ಣ ನಾನೇ ಬಳಿದೆ. ಮದುವೆ ಹಪ್ಪಳ ನಾನೇ ಒತ್ತಿ ಮಾಳಿಗೆ ಮೇಲೆ ಒಣಗಿಸಿದೆ, ಕಾಗೆ ಓಡಿಸಿದೆ. ಪುಟ್ಟಿಯೂ ಅವರವ್ವನೂ ಒಂದು ಸಲ ಬಂದು ಮನೆ ನೋಡಿಕೊಂಡು ಹೋದರು. ಅವಳಿಗೆ ಹದಿನಾಲ್ಕು ಇರಬಹುದು. ನನ್ನ ಕಡೆ ನೋಡಲಿಲ್ಲ. ಹಪ್ಪಳ ಮಾತ್ರ ಎರಡು ತಿಂದಳು.

ಯುಗಾದಿ ಆದ ಮೇಲೆ ಶೆಟ್ಟರು ಪ್ಲೇಟನ್ನೂ ಗ್ರಾಮಫೋನನ್ನೂ ಗಾಡಿಯಲ್ಲಿ ಕಳಿಸಿದರು. ಪಟೇಲರ ಜಗುಲಿ ಮೇಲೆ ಇಟ್ಟರು. ಇಡೀ ಊರು ಸೇರಿತು. ಅತ್ತೆ ಮಿಂದು ಮಡಿ ಸೀರೆ ಉಟ್ಟು ಬಂದು ಮುಂದೆ ಕೂತಳು. ನಾನು ಅವಳ ಬೆನ್ನ ಹಿಂದೆ. ಕೀಲಿ ಕೊಟ್ಟರು, ಸೂಜಿ ಇಟ್ಟರು. ಅತ್ತೆಯ ದನಿ ಬಂತು. ಜನ ಹೋ ಅಂದರು. ಸಾಲು ಮೇಲೆ ಹೋಯ್ತು, ತಿರುಗಿತು, ತಳಕ್ಕೆ ಇಳಿಯಿತು. ಅಲ್ಲಿ ನಾನಿದ್ದೆ. ಅಕ್ಷರ ಅಕ್ಷರವೂ ಕೇಳಿಸಿತು. ಜಗುಲಿ ಹಲಗೆ ನಡುಗಿತು ಅಂತ ಆಮೇಲೆ ಜನ ಹೇಳಿದರು, ಅದು ಸುಳ್ಳು.

ಪದ ಮುಗೀತು. ಪಟೇಲರ ತಮ್ಮ ಕೇಳಿದ, "ಅಲ್ಲ ಚೆನ್ನಕ್ಕ, ಎಂಗಸರ ಸೋಬಾನೇಲಿ ಆ ಗಂಡ್ಸು ಯಾವನು?"

"ಮದ್ರಾಸಿನವ್ನೇ ಇರ್ಬೇಕು ಕಣ್ಲಾ, ಕನ್ನಡ ಚೆನ್ನಾಗಿ ಕಲ್ತವ್ನೆ" ಅಂದ ಇನ್ನೊಬ್ಬ.

ಎಲ್ಲರೂ ನಕ್ಕರು. ನನ್ನ ಗಂಡ ನೆಲ ನೋಡುತ್ತಿದ್ದ. ನಾನು ಎದ್ದು ಹೋಗೋಣ ಅಂದುಕೊಂಡೆ. ಅತ್ತೆ ನಗಲಿಲ್ಲ. "ಇನ್ನೊಂದ್ಸಲ ಆಕಿ" ಅಂದಳು. ಹಾಕಿದರು. ಕತ್ತು ಒಂದು ಕಡೆ ವಾಲಿಸಿಕೊಂಡು ಕೇಳಿದಳು. ಮಳಿಗೆಯಲ್ಲಿ ಮೇಣ ಕೇಳಿದಾಗ ಅವಳ ಕಿವಿ ನನ್ನ ತಪ್ಪಿನ ಮೇಲಿತ್ತು, ತನ್ನ ದನಿಯನ್ನ ಹೊರಗಿನಿಂದ ಗಮನವಿಟ್ಟು ಕೇಳಿದ್ದು ಇದೇ ಮೊದಲು. ಮೇಲಿನ ಸಾಲಲ್ಲಿ ಅವಳ ದನಿ ಒಂದೆರಡು ಕಡೆ ಸೀಳಿತ್ತು. ಅದು ನನಗೂ ಕೇಳಿಸಿತು, ಅವಳಿಗೂ ಕೇಳಿಸಿತು. ಕೆಳಗೆ ಬಾಲ ಇದ್ದದ್ದರಿಂದ ಮಿಕ್ಕವರಿಗೆ ಗೊತ್ತಾಗಲಿಲ್ಲ.

"ಯಾವನೂ ಅಲ್ಲ" ಅಂದಳು. "ನನ್ ಸೊಸೆ."

"ನಿನ್ ಸೊಸೆನಾ? ಗಂಡು ದನಿ ಅಲ್ಲೇನಕ್ಕ ಅದು? ಅದ್ಕೇ ಅಲ್ವಾ ನೀ ಬೇರೆ ತರ್ತಿರಾದು?"

"ಬೇರೆ ತಂದ್ರೆ ಈ ತಳ ಎಲ್ಲಿಂದ ತರ್ಲಿ? ನಿಮ್ಮಪ್ಪನ ಮನೆಯಿಂದ್ಲಾ?" ಅಂದಳು. ಆಮೇಲೆ ಹಿಂದೆ ತಿರುಗಿ, "ಏಳು, ಒಲೆ ಹಚ್ಚೋ ಹೊತ್ತಾಯ್ತು" ಅಂದಳು.

ಪ್ರೀತಿ ಬಂತು ಅಂತ ನಾನು ಅಂದುಕೊಳ್ಳಲಿಲ್ಲ. ಹೂಡೋ ಜೋಡಿಯಲ್ಲಿ ಒಂದನ್ನ ಯಾರೂ ಸುಮ್ಮನೆ ಬಿಟ್ಟುಕೊಡಲ್ಲ, ಅಷ್ಟೇ. ಮನೆಗೆ ಬಂದ ಮೇಲೆ ಮದುವೆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುದ್ದೆ ನುಂಗಿ ಕೈ ತೊಳೆಯೋವಾಗ ಮಾತ್ರ ಅಂದಳು, "ಅಣ್ಣಂ ಮನೆಗೆ ಯಾವ ಮೊಕ ತಗಂಡು ಯೋಳಾದೋ. ಯಾವಾಗಾದ್ರೂ ಯೋಳ್ದ್ರಾಯ್ತು." ನನ್ನ ಗಂಡ "ಊಂ" ಅಂದ. ಯಾವಾಗಾದರೂ ಅಂತ ಬಿಟ್ಟರೆ ಅವಳ ಅಣ್ಣ ಬಂದು ಅತ್ತು ಕರೆದು ಮನಸ್ಸು ತಿರುಗಿಸ್ತಾನೆ ಅಂತ ನನಗೆ ಗೊತ್ತಿತ್ತು.

ಮಾರನೆ ದಿನ ಬೆಳಗಾಗೋಕೆ ಮುಂಚೆ ಎದ್ದು, ಕೊಟ್ಟಿಗೆ ಬಾಚಿ, ಯಾರಿಗೂ ಹೇಳದೆ ಚಿಕ್ಕರಸಿನಕೆರೆಗೆ ನಡೆದೆ. ಗದ್ದೆ ಬದುವಿನ ಮೇಲೆ ಹೋದೆ, ಹತ್ತಿರ ಆಗುತ್ತೆ ಅಂತ. ನಾನು ಹೋದಾಗ ಪುಟ್ಟಿ ಬಾಗಿಲಿಗೆ ಸಗಣಿ ನೀರು ಹಾಕುತ್ತಿದ್ದಳು.

"ಅಕ್ಕ, ಏನ್ ಇಷ್ಟೊತ್ಗೇ?" ಅಂದಳು.

"ಮದ್ವೆ ಇಲ್ಲ ಕಣಮ್ಮಿ. ನಿಮ್ಮಪ್ಪನ್ನ ಕರಿ, ನಾನೇ ಯೋಳ್ತೀನಿ" ಅಂದೆ.

ಚೊಂಬು ಅಲ್ಲೇ ಬಿಟ್ಟು ಒಳಗೆ ಓಡಿದಳು. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಅವರಪ್ಪ ಬರೋವರೆಗೂ ನಾನು ಜಗುಲಿ ಮೇಲೆ ಕೂತು ಕಾಲಿಗೆ ಚುಚ್ಚಿದ್ದ ಜಾಲಿ ಮುಳ್ಳು ಕಿತ್ತುಕೊಂಡೆ.